ಕಂಪ್ಯೂಟರ್ ಆನ್ ಆಗುತ್ತಿಲ್ಲವೇ? ಗೋಡೆಯ ಸಾಕೆಟ್‌ನಿಂದ ಮದರ್‌ಬೋರ್ಡ್‌ವರೆಗೆ ದೋಷ ಹುಡುಕುವ ಕ್ರಮ

"ರಾತ್ರಿ ಚೆನ್ನಾಗೇ ಇತ್ತು, ಬೆಳಿಗ್ಗೆ ಬಟನ್ ಒತ್ತಿದರೆ ಸದ್ದೇ ಇಲ್ಲ" ಎನ್ನುವವರ ಕಥೆ ಹೆಚ್ಚುಕಡಿಮೆ ಒಂದೇ ಥರ ಇರುತ್ತದೆ. ಮೊದಲು ರ‍್ಯಾಮ್ ತೆಗೆದು, ರಬ್ಬರ್‌ನಿಂದ ಉಜ್ಜಿ, ಮತ್ತೆ ಹಾಕಿರುತ್ತಾರೆ. ಆಗಲಿಲ್ಲ ಅಂದ ಮೇಲೆ ಸಿಮೋಸ್ ಬ್ಯಾಟರಿ (ಬೋರ್ಡ್‌ನ ಗಡಿಯಾರ ಮತ್ತು ಸೆಟ್ಟಿಂಗ್ ಉಳಿಸುವ ಪುಟ್ಟ ಬ್ಯಾಟರಿ) ಬದಲಿಸಿರುತ್ತಾರೆ. ಕೊನೆಗೆ "ಬೋರ್ಡೇ ಹೋಗಿದೆ" ಎಂದುಕೊಂಡು ಹೊಸ ಮದರ್‌ಬೋರ್ಡ್‌ಗೆ ದುಡ್ಡು ಸುರಿಯುತ್ತಾರೆ. ಹೊಸ ಬೋರ್ಡ್ ಬಂದ ಮೇಲೂ ಬಟನ್ ಒತ್ತಿದರೆ ಸದ್ದಿಲ್ಲ. ಯಾಕೆಂದರೆ ಕೆಟ್ಟಿದ್ದು ಎಸ್‌ಎಂಪಿಎಸ್ (ಕ್ಯಾಬಿನೆಟ್ ಒಳಗೆ ಎಲ್ಲ ಭಾಗಗಳಿಗೂ ಕರೆಂಟ್ ಕೊಡುವ ಡಬ್ಬ), ಇಲ್ಲವೇ ಯುಪಿಎಸ್, ಇಲ್ಲವೇ ಎಕ್ಸ್‌ಟೆನ್ಶನ್ ಬಾಕ್ಸ್‌ನ ಒಂದು ಸಡಿಲ ಸಾಕೆಟ್.

ಇಲ್ಲಿ ಯಾರ ಕೈಚಳಕದ ಕೊರತೆಯೂ ಇಲ್ಲ. ಕ್ರಮ ತಪ್ಪಿದೆ, ಅಷ್ಟೇ. ಕರೆಂಟ್ ಗೋಡೆಯಿಂದ ಹೊರಟು ಒಳಗೆ ಬರುತ್ತದೆ. ಹುಡುಕುವವರೂ ಅದೇ ದಾರಿಯಲ್ಲಿ ಬರಬೇಕು. ಒಂದು ಹಂತ ಸರಿಯಾಗಿದೆ ಎಂದು ಖಾತ್ರಿಯಾಗದೆ ಮುಂದಿನದಕ್ಕೆ ಕೈ ಹಾಕಬಾರದು. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಬೇಕು.

ಈ ಮಾರ್ಗದರ್ಶಿ ಅಂಗಡಿಯಲ್ಲಿ ಜೋಡಿಸಿಕೊಟ್ಟ, ಅಂದರೆ ಅಸೆಂಬಲ್ ಮಾಡಿದ ಡೆಸ್ಕ್‌ಟಾಪ್‌ಗೆ. ಡೆಲ್, ಎಚ್‌ಪಿ, ಲೆನೊವೊ ಕಂಪನಿಗಳ ರೆಡಿಮೇಡ್ ಡೆಸ್ಕ್‌ಟಾಪ್ ಇದ್ದವರಿಗೂ ಬಹುಪಾಲು ಅನ್ವಯಿಸುತ್ತದೆ. ಎಲ್ಲಿ ಅನ್ವಯಿಸುವುದಿಲ್ಲವೋ ಅಲ್ಲಿ ಹೇಳಿದ್ದೇನೆ. ಲ್ಯಾಪ್‌ಟಾಪ್ ದಾರಿಯೇ ಬೇರೆ, ಅದು ಇಲ್ಲಿಲ್ಲ.

ಕೈಗೆ ಸಿಗುವಂತೆ ಇಟ್ಟುಕೊಳ್ಳಬೇಕಾದವು

ಒಂದು ಸ್ಟಾರ್ ಸ್ಕ್ರೂಡ್ರೈವರ್, ಟಾರ್ಚ್, ಪೇಪರ್ ಮತ್ತು ಪೆನ್ನು. ಫೋಟೋ ತೆಗೆಯಲು ಮೊಬೈಲ್. ಬೇರೆ ಒಂದು ಪವರ್ ಕಾರ್ಡ್ ಬೇಕು. ಬಹಳಷ್ಟು ಮಾನಿಟರ್‌ಗಳಿಗೂ ಅದೇ ಮೂರು ತೂತಿನ ಕಾರ್ಡ್ ಬರುವುದರಿಂದ ಹೊಸದು ಕೊಳ್ಳಬೇಕಾಗಿಲ್ಲ. ಜೊತೆಗೆ ಒಂದು ಟೇಬಲ್ ಲ್ಯಾಂಪ್ ಅಥವಾ ಮಿಕ್ಸಿ, ಸಾಕೆಟ್ ಪರೀಕ್ಷಿಸಲು.

ಇವೆಲ್ಲಕ್ಕಿಂತ ಮುಖ್ಯವಾದದ್ದು ವೋಲ್ಟೇಜ್ ಅಳೆಯುವ ಡಿಜಿಟಲ್ ಮಲ್ಟಿಮೀಟರ್. ಕೆಲವು ನೂರು ರೂಪಾಯಿಗೆ ಸಿಗುವ ಸಾದಾ ಮೀಟರ್ ಸಾಕು. ಅದಿಲ್ಲದೆ 6ನೇ ಹಂತದವರೆಗೆ ಹೋಗಬಹುದು. ಆಮೇಲೆ ಮಾಡುವುದೆಲ್ಲ ಊಹೆ. ಗೆಳೆಯರ ಬಳಿ ಚೆನ್ನಾಗಿ ಓಡುತ್ತಿರುವ ಎಸ್‌ಎಂಪಿಎಸ್ ಒಂದು ದಿನದ ಮಟ್ಟಿಗೆ ಸಿಕ್ಕರೆ ಇನ್ನೂ ಒಳ್ಳೆಯದು.

ಮುಟ್ಟುವ ಮೊದಲು ಓದಬೇಕಾದದ್ದು

ಸುಟ್ಟ ವಾಸನೆ ಬಂದಿದೆಯೇ? ಪಟ್ ಎಂಬ ಸದ್ದು, ಹೊಗೆ, ಕಿಡಿ ಕಂಡಿತೇ? ಬಟನ್ ಒತ್ತಿದಾಗ ಮನೆಯ ಎಂಸಿಬಿ (ದೋಷವಾದಾಗ ತಾನಾಗೇ ಬೀಳುವ ಮೇನ್ ಸ್ವಿಚ್) ಬಿತ್ತೇ? ಕ್ಯಾಬಿನೆಟ್‌ಗೆ ಮಳೆ ನೀರು ಹೋಗಿದೆಯೇ? ಇವುಗಳಲ್ಲಿ ಒಂದಕ್ಕೆ ಹೌದು ಎಂದಾದರೂ "ಇನ್ನೊಂದು ಸಲ ನೋಡೋಣ" ಎಂದು ಸ್ವಿಚ್ ಹಾಕಬೇಡಿ. ಪ್ಲಗ್ ಕಿತ್ತಿಡಿ. ಕರೆಂಟ್ ಇಲ್ಲದೆ ಮಾಡುವ 5ನೇ ಹಂತಕ್ಕೆ ನೇರವಾಗಿ ಹೋಗಿ.

ಎಸ್‌ಎಂಪಿಎಸ್ ಡಬ್ಬವನ್ನು ಮಾತ್ರ ಯಾವ ಕಾರಣಕ್ಕೂ ಬಿಚ್ಚಬೇಡಿ. ನಮ್ಮ ಮನೆಗೆ ಬರುವ 230 ವೋಲ್ಟ್ ಎಸಿ ಅದರೊಳಗೆ ಸುಮಾರು 325 ವೋಲ್ಟ್ ಅಥವಾ ಅದಕ್ಕೂ ಹೆಚ್ಚಿನ ಡಿಸಿ ಆಗಿ ದೊಡ್ಡ ಕೆಪಾಸಿಟರ್‌ನಲ್ಲಿ (ಚಾರ್ಜ್ ಹಿಡಿದಿಡುವ ಭಾಗದಲ್ಲಿ) ಕೂತಿರುತ್ತದೆ. ಪ್ಲಗ್ ತೆಗೆದ ಮೇಲೂ ಅದು ತಕ್ಷಣ ಖಾಲಿಯಾಗುತ್ತದೆಂಬ ಭರವಸೆ ಇಲ್ಲ. ಒಳಗಿನ ಫ್ಯೂಸ್ ಬದಲಿಸುವ ವಿಡಿಯೋ ನೋಡಿ ಧೈರ್ಯ ಮಾಡುವವರಿದ್ದಾರೆ, ದಯವಿಟ್ಟು ಬೇಡ. ಆ ಫ್ಯೂಸ್ ಸುಮ್ನೆ ಹೋಗುವುದಿಲ್ಲ. ಅದರ ಹಿಂದಿನ ಭಾಗ ಶಾರ್ಟ್ ಆದಾಗಲೇ ಹೋಗುವುದು.

ಇನ್ನೊಂದು ಎಚ್ಚರಿಕೆಯ ಗುರುತು ನಮ್ಮ ಹಳೆಯ ಮನೆಗಳಲ್ಲಿ ಜಾಸ್ತಿ. ಕ್ಯಾಬಿನೆಟ್ ಮುಟ್ಟಿದರೆ ಜುಮ್ ಎನ್ನುತ್ತದೆಯೇ? ಹಾಗಾದರೆ ಸಾಕೆಟ್‌ನಲ್ಲಿ ಅರ್ಥಿಂಗ್ ಇಲ್ಲ. ಎಸ್‌ಎಂಪಿಎಸ್‌ನ ಫಿಲ್ಟರ್ ಕೆಪಾಸಿಟರ್‌ಗಳು ಚೂರು ಕರೆಂಟನ್ನು ಕ್ಯಾಬಿನೆಟ್ಟಿನ ಕಬ್ಬಿಣಕ್ಕೆ ಬಿಡುತ್ತವೆ. ಅದು ಅರ್ಥ್ ತಂತಿಯಲ್ಲಿ ಹರಿದು ಹೋಗಬೇಕು. ಹೋಗಲು ದಾರಿ ಇಲ್ಲದಿದ್ದರೆ ಕ್ಯಾಬಿನೆಟ್ ಮೇಲೇ ಮನೆಯ ವೋಲ್ಟೇಜ್‌ನ ಅರ್ಧದಷ್ಟು ನಿಲ್ಲುತ್ತದೆ. ಎಲೆಕ್ಟ್ರಿಷಿಯನ್ ಕರೆಸಿ ಅರ್ಥಿಂಗ್ ಸರಿ ಮಾಡಿಸದೆ ಮುಂದೆ ಹೋಗಬೇಡಿ.

ಹಂತ 1: ಲಕ್ಷಣ ಯಾವುದೆಂದು ಸರಿಯಾಗಿ ಬರೆದುಕೊಳ್ಳಿ

"ಆನ್ ಆಗುತ್ತಿಲ್ಲ" ಎಂಬ ಒಂದೇ ಮಾತಿನಲ್ಲಿ ಜನ ನಾಲ್ಕು ಬೇರೆ ಬೇರೆ ತೊಂದರೆ ಹೇಳುತ್ತಾರೆ. ನಾಲ್ಕಕ್ಕೂ ದಾರಿ ಬೇರೆ. ಬಟನ್ ಒಮ್ಮೆ ಒತ್ತಿ, ಕಿವಿಗೊಟ್ಟು ಕೇಳಿ, ಕಂಡದ್ದನ್ನು ಬರೆಯಿರಿ.

ಮೊದಲನೆಯದು ಪೂರ್ತಿ ಸತ್ತ ಸ್ಥಿತಿ. ದೀಪ ಇಲ್ಲ, ಫ್ಯಾನ್ ಇಲ್ಲ, ಯಾವ ಸದ್ದೂ ಇಲ್ಲ. ಎರಡನೆಯದರಲ್ಲಿ ಫ್ಯಾನ್ ಒಂದು ಕ್ಷಣ ಮಿಸುಕಿ ನಿಲ್ಲುತ್ತದೆ, ಅಥವಾ ಆನ್ ಆಗಿ ಕೆಲವು ಸೆಕೆಂಡಿನಲ್ಲಿ ಆಫ್ ಆಗುತ್ತದೆ. ಮೂರನೆಯದರಲ್ಲಿ ಫ್ಯಾನ್ ತಿರುಗುತ್ತಲೇ ಇರುತ್ತದೆ, ಆದರೆ ಪರದೆ ಕಪ್ಪು. ನಾಲ್ಕನೆಯದರಲ್ಲಿ ಕಂಪನಿಯ ಲೋಗೊ ಬರುತ್ತದೆ, ವಿಂಡೋಸ್ ಬರುವುದಿಲ್ಲ.

ನಾಲ್ಕನೆಯದು ಪವರ್ ತೊಂದರೆಯೇ ಅಲ್ಲ, ಅದನ್ನು ಇಲ್ಲಿ ಬಿಡೋಣ. ಮೂರನೆಯದಾದರೆ 3 ಮತ್ತು 4ನೇ ಹಂತ ಮುಗಿಸಿ 9ಕ್ಕೆ ಹೋಗಿ. ಮೊದಲ ಎರಡಕ್ಕೆ ಎಲ್ಲ ಹಂತವೂ ಬೇಕು.

ಇದರ ಜೊತೆ ಇನ್ನೊಂದು ಸಾಲು ಬರೆಯಿರಿ: ಕೊನೆಯ ಸಲ ಸರಿಯಾಗಿ ಓಡಿದ್ದಕ್ಕೂ ಈಗಿನದ್ದಕ್ಕೂ ನಡುವೆ ಏನಾಯಿತು? ಕರೆಂಟ್ ಹೋಗಿ ಬಂತೇ, ಗುಡುಗು ಸಿಡಿಲು ಇತ್ತೇ, ಟೇಬಲ್ ಸರಿಸಿದಿರೇ, ಹೊಸ ಪೆನ್‌ಡ್ರೈವ್ ಹಾಕಿದಿರೇ, ಒಳಗಿನ ಧೂಳು ಹೊಡೆದಿರೇ? ಬಹಳಷ್ಟು ಸಲ ಉತ್ತರ ಈ ಸಾಲಿನಲ್ಲೇ ಇರುತ್ತದೆ.

ಹಂತ 2: ಗೋಡೆಯ ಸಾಕೆಟ್ ಮತ್ತು ನಡುವಿನ ಡಬ್ಬಗಳು

ಟೆಸ್ಟರ್ ಚುಚ್ಚಿ ದೀಪ ಉರಿಯಿತು, ಹಾಗಾಗಿ ಸಾಕೆಟ್ ಸರಿ ಇದೆ ಎನ್ನುವವರು ತುಂಬಾ ಜನ. ಟೆಸ್ಟರ್ ತೋರಿಸುವುದು ಫೇಸ್, ಅಂದರೆ ಕರೆಂಟ್ ತರುವ ತಂತಿ, ಇದೆ ಎಂಬುದನ್ನು ಮಾತ್ರ. ಕರೆಂಟ್ ವಾಪಸ್ ಹೋಗುವ ನ್ಯೂಟ್ರಲ್ ತಂತಿ ಬಿಟ್ಟುಕೊಂಡಿದ್ದರೂ ಟೆಸ್ಟರ್ ಉರಿಯುತ್ತದೆ, ಕಂಪ್ಯೂಟರ್ ಮಾತ್ರ ಆನ್ ಆಗುವುದಿಲ್ಲ. ಆದ್ದರಿಂದ ಅದೇ ಸಾಕೆಟ್‌ಗೆ ಟೇಬಲ್ ಲ್ಯಾಂಪ್ ಅಥವಾ ಮಿಕ್ಸಿ ಹಾಕಿ ಓಡಿಸಿ ನೋಡಿ. ಪ್ಲಗ್ ಅಲ್ಲಾಡಿಸಿದಾಗ ಅದು ನಿಂತು ನಿಂತು ಓಡಿದರೆ ಸಾಕೆಟ್ ಸಡಿಲವಾಗಿದೆ.

ಈಗ ನಡುವೆ ಇರುವ ಎಲ್ಲವನ್ನೂ ತೆಗೆಯಿರಿ. ಸ್ಪೈಕ್ ಬಸ್ಟರ್, ಎಕ್ಸ್‌ಟೆನ್ಶನ್ ಬಾಕ್ಸ್, ಸ್ಟೆಬಿಲೈಸರ್, ಯುಪಿಎಸ್ ಯಾವುದೂ ಬೇಡ. ಕಂಪ್ಯೂಟರ್‌ನ ಕಾರ್ಡನ್ನು ನೇರವಾಗಿ ಗೋಡೆಯ ಸಾಕೆಟ್‌ಗೆ ಹಾಕಿ ಬಟನ್ ಒತ್ತಿ.

ಆನ್ ಆದರೆ ಕಂಪ್ಯೂಟರ್ ಚೆನ್ನಾಗಿದೆ, ದೋಷ ಇದ್ದದ್ದು ನಡುವೆ. ಮನೆಯ ಯುಪಿಎಸ್‌ಗಳಲ್ಲಿ ಸಾಮಾನ್ಯವಾಗಿ 12 ವೋಲ್ಟ್, 7 ಆಂಪಿಯರ್ ಅವರ್‌ನ ಲೆಡ್ ಆಸಿಡ್ ಬ್ಯಾಟರಿ ಇರುತ್ತದೆ. ಪದೇ ಪದೇ ಕರೆಂಟ್ ಹೋಗುವ ಊರಲ್ಲಿ ಎರಡು ಮೂರು ವರ್ಷಕ್ಕೇ ಅದು ಸೊರಗುತ್ತದೆ. ಬ್ಯಾಟರಿ ಪೂರ್ತಿ ಕೈಕೊಟ್ಟ ಮೇಲೆ ಕೆಲವು ಯುಪಿಎಸ್ ಕರೆಂಟ್ ಇದ್ದರೂ ಆನ್ ಆಗುವುದಿಲ್ಲ. ಇನ್ನು ಕೆಲವು ದೀಪ ಉರಿಸಿಕೊಂಡು ಕೂತಿರುತ್ತವೆ, ಕಂಪ್ಯೂಟರ್ ಆನ್ ಮಾಡಿದ ಕೂಡಲೇ ಕಟ್ ಎಂದು ಕೈಬಿಡುತ್ತವೆ. ಎರಡನೆಯ ಥರದ್ದೇ ಜಾಸ್ತಿ ದಾರಿ ತಪ್ಪಿಸುವುದು, ಏಕೆಂದರೆ ಅದು ನೋಡಲು ಎಸ್‌ಎಂಪಿಎಸ್ ದೋಷದ ಥರವೇ ಇರುತ್ತದೆ.

ಹಂತ 3: ಪವರ್ ಕಾರ್ಡ್ ಮತ್ತು ಹಿಂದಿನ ಸ್ವಿಚ್

ಕ್ಯಾಬಿನೆಟ್ ಹಿಂದೆ ಕಾರ್ಡ್ ಸೇರುವ ಜಾಗದಲ್ಲಿ ಒಂದು ಚಿಕ್ಕ ಸ್ವಿಚ್ ಇರುತ್ತದೆ. ಗೆರೆಯ ಗುರುತಿನ ಕಡೆ ಒತ್ತಿದ್ದರೆ ಆನ್, ಸೊನ್ನೆಯ ಕಡೆ ಒತ್ತಿದ್ದರೆ ಆಫ್. ಕಸ ಗುಡಿಸುವಾಗ, ಟೇಬಲ್ ಸರಿಸುವಾಗ ಇದು ಆಫ್ ಆಗಿರುವುದು ಮಾಮೂಲು. ತುಂಬಾ ಹಳೆಯ ಎಸ್‌ಎಂಪಿಎಸ್‌ನಲ್ಲಿ 115 ಮತ್ತು 230 ಎಂದು ಬರೆದ ಕೆಂಪು ಸ್ವಿಚ್ಚೂ ಇರಬಹುದು. ಅದು 230ರಲ್ಲೇ ಇರಬೇಕು. ನಮ್ಮ ಕರೆಂಟ್‌ನಲ್ಲಿ ಅದನ್ನು 115ಕ್ಕೆ ಇಟ್ಟು ಸ್ವಿಚ್ ಹಾಕಿದರೆ ಎಸ್‌ಎಂಪಿಎಸ್ ಸಿಡಿಯುತ್ತದೆ.

ಆಮೇಲೆ ಕಾರ್ಡ್ ಬದಲಿಸಿ. ಮಾನಿಟರ್ ಓಡುತ್ತಿದ್ದರೆ ಅದರ ಕಾರ್ಡನ್ನೇ ಕಿತ್ತು ಇದಕ್ಕೆ ಹಾಕಿ. ಹಿಂದಿನ ತುದಿಯನ್ನು ಕೊನೆಯವರೆಗೆ ಒತ್ತಿ ಕೂರಿಸಿ, ಅರ್ಧ ಕೂತ ಕಾರ್ಡ್ ನೋಡಲು ಸರಿಯಾಗೇ ಕಾಣುತ್ತದೆ. ಕಾರ್ಡ್‌ನ ತುದಿ ಕಂದಾಗಿದ್ದರೆ, ಕರಗಿದಂತಿದ್ದರೆ, ಇಲಿ ಕಚ್ಚಿದ ಗುರುತಿದ್ದರೆ ಅದನ್ನು ಕಸಕ್ಕೆ ಹಾಕಿ. ಟೇಪ್ ಸುತ್ತಿ ಬಳಸುವ ವಸ್ತುವಲ್ಲ ಅದು.

ಹಂತ 4: ಉಳಿದ ಕರೆಂಟ್ ಖಾಲಿ ಮಾಡಿ

ಕಾರ್ಡ್ ಕಿತ್ತುಹಾಕಿ. ಮಾನಿಟರ್, ಪ್ರಿಂಟರ್, ಕೀಬೋರ್ಡ್, ಮೌಸ್, ಪೆನ್‌ಡ್ರೈವ್, ಇಂಟರ್‌ನೆಟ್‌ನ ಲ್ಯಾನ್ ಕೇಬಲ್ ಎಲ್ಲ ಬಿಚ್ಚಿ. ಈಗ ಪವರ್ ಬಟನನ್ನು 30 ಸೆಕೆಂಡ್ ಒತ್ತಿ ಹಿಡಿಯಿರಿ. ಇದರಿಂದ ಬೋರ್ಡ್‌ನಲ್ಲಿ ಉಳಿದಿದ್ದ ಚಾರ್ಜ್ ಖಾಲಿಯಾಗುತ್ತದೆ. ಏನೋ ಶಾರ್ಟ್ ಕಂಡು ಎಸ್‌ಎಂಪಿಎಸ್ ತಾನಾಗೇ ಬಾಗಿಲು ಹಾಕಿಕೊಂಡಿದ್ದರೆ ಅದೂ ಬಿಡುಗಡೆಯಾಗುತ್ತದೆ. ಕರೆಂಟ್ ಹೋಗಿ ಬಂದ ಮೇಲೆ ಸತ್ತಂತಾದ ಕೆಲವು ಕಂಪ್ಯೂಟರ್ ಇಷ್ಟಕ್ಕೇ ಎದ್ದು ಕೂರುತ್ತವೆ.

ಮತ್ತೆ ಪವರ್ ಕಾರ್ಡ್ ಮಾತ್ರ ಹಾಕಿ ಆನ್ ಮಾಡಿ. ಓಡಿದರೆ ಉಳಿದ ಕೇಬಲ್‌ಗಳನ್ನು ಒಂದೊಂದಾಗಿ ಹಾಕುತ್ತಾ ಬನ್ನಿ. ಯಾವುದನ್ನು ಹಾಕಿದಾಗ ಆಫ್ ಆಗುತ್ತದೋ ಅದೇ ಅಪರಾಧಿ. ಯುಎಸ್‌ಬಿ ಸಾಕೆಟ್‌ಗಳನ್ನು ಟಾರ್ಚ್ ಹಾಕಿ ನೋಡಿ. ಒಳಗಿನ ಪಿನ್ ಬಾಗಿ ಪಕ್ಕದ್ದಕ್ಕೆ ತಾಗಿದ್ದರೆ ಇಡೀ ಕಂಪ್ಯೂಟರ್ ಎದ್ದೇಳದಂತೆ ಮಾಡಬಲ್ಲದು.

ಸಿಡಿಲಿನ ಮಾತು ಬಂದರೆ ಮಲೆನಾಡು, ಕರಾವಳಿಯವರು ಲ್ಯಾನ್ ಸಾಕೆಟ್ ಕಡೆ ವಿಶೇಷ ಗಮನ ಕೊಡಿ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯಲ್ಲಿ ಪವರ್ ಪ್ಲಗ್ ಕಿತ್ತಿಟ್ಟವರ ಕಂಪ್ಯೂಟರ್ ಕೂಡ ಲ್ಯಾನ್ ಕೇಬಲ್‌ನಿಂದ ಹೊಡೆತ ತಿನ್ನಬಹುದು. ಸಾಕೆಟ್‌ನೊಳಗೆ ಕಪ್ಪು ಮಸಿ ಕಂಡರೆ ಬೋರ್ಡ್‌ಗೆ ಪೆಟ್ಟು ಬಿದ್ದಿದೆ ಎಂದು ಬರೆದುಕೊಳ್ಳಿ.

ಹಂತ 5: ಕ್ಯಾಬಿನೆಟ್ ತೆರೆದು ಬರೀ ನೋಡಿ

ಪವರ್ ಕಾರ್ಡ್ ಕಿತ್ತಿರಲಿ. ಕ್ಯಾಬಿನೆಟ್ ಮಲಗಿಸಿ ಪಕ್ಕದ ಬಾಗಿಲು ತೆಗೆಯಿರಿ. ಏನನ್ನೂ ಮುಟ್ಟುವ ಮೊದಲು ನಾಲ್ಕೂ ಕಡೆಯಿಂದ ಫೋಟೋ ತೆಗೆಯಿರಿ. ಯಾವ ವೈರ್ ಎಲ್ಲಿತ್ತು ಎಂಬ ಪ್ರಶ್ನೆ ಆಮೇಲೆ ಬಂದೇ ಬರುತ್ತದೆ. ಕೈ ಹಾಕುವ ಮುನ್ನ ಕ್ಯಾಬಿನೆಟ್ಟಿನ ಬಣ್ಣವಿಲ್ಲದ ಕಬ್ಬಿಣ ಮುಟ್ಟಿ, ಮೈಯ ಸ್ಟ್ಯಾಟಿಕ್ ಅಲ್ಲಿಗೆ ಹೋಗಲಿ. ಬಯಲುಸೀಮೆಯ ಒಣ ಚಳಿಗಾಲದಲ್ಲಿ ಇದನ್ನು ಮರೆಯಬೇಡಿ.

ನೋಡಬೇಕಾದ್ದು ಇಷ್ಟು. ಬೋರ್ಡ್ ಮೇಲಿನ ಉರುಟು ಕೆಪಾಸಿಟರ್‌ಗಳ ತಲೆ ಸಮತಟ್ಟಾಗಿದೆಯೇ? ಉಬ್ಬಿದ್ದರೆ ಅಥವಾ ಕಂದು ಅಂಟು ಹೊರಬಂದಿದ್ದರೆ ಅದು ಸತ್ತಿದೆ. ಎಲ್ಲಾದರೂ ಸುಟ್ಟ ಕಲೆ ಇದೆಯೇ? ಎಸ್‌ಎಂಪಿಎಸ್‌ನ ಗಾಳಿ ತೂತಿಗೆ ಮೂಗು ಹತ್ತಿರ ತನ್ನಿ, ಸುಟ್ಟ ವಾಸನೆ ದಿನಗಟ್ಟಲೆ ಉಳಿಯುತ್ತದೆ. ಇರುವೆ ಗೂಡು, ಜಿರಳೆ, ಸತ್ತ ಹಲ್ಲಿ ಇದೆಯೇ? ಬೆಚ್ಚಗಿನ ಜಾಗ ಹುಡುಕಿಕೊಂಡು ಬರುವ ಹಲ್ಲಿ ಎರಡು ಪಿನ್‌ಗಳ ನಡುವೆ ಸಿಕ್ಕಿ ಶಾರ್ಟ್ ಮಾಡುವುದುಂಟು. ಬಿಚ್ಚಿಕೊಂಡ ಸ್ಕ್ರೂ ಬೋರ್ಡ್ ಮೇಲೋ ಕೆಳಗೋ ಬಿದ್ದಿದೆಯೇ? ಕ್ಯಾಬಿನೆಟ್ಟನ್ನು ಮೆಲ್ಲಗೆ ಓರೆ ಮಾಡಿ, ಉರುಳುವ ಸದ್ದು ಕೇಳಬಹುದು.

ಕೊನೆಗೆ ಎರಡು ಕೇಬಲ್ ಒತ್ತಿ ಕೂರಿಸಿ. ಒಂದು ಬೋರ್ಡ್‌ನ ಅಂಚಿನ ಅಗಲವಾದ 24 ಪಿನ್‌ನದು. ಇನ್ನೊಂದು ಪ್ರೊಸೆಸರ್ ಪಕ್ಕ, ಮೇಲಿನ ಮೂಲೆಯಲ್ಲಿ ಬರುವ 4 ಅಥವಾ 8 ಪಿನ್‌ನದು. ಈ ಎರಡನೆಯದನ್ನೇ ಜನ ಮರೆಯುವುದು. ಅದು ಸಡಿಲವಾದರೆ ಫ್ಯಾನ್ ತಿರುಗಬಹುದು, ಪ್ರೊಸೆಸರ್ ಏಳುವುದಿಲ್ಲ.

ಹೊಗೆ, ಕಿಡಿ, ನೀರಿನ ಕಾರಣಕ್ಕೆ ಇಲ್ಲಿಗೆ ಬಂದವರು ಇಲ್ಲೇ ನಿಂತು 10ನೇ ಹಂತಕ್ಕೆ ಹೋಗಿ.

ಹಂತ 6: ದೋಷ ಬಟನ್‌ನದ್ದೇ ಇರಬಹುದು

ಪವರ್ ಬಟನ್ ಸಾವಿರಾರು ಸಲ ಒತ್ತಿಸಿಕೊಂಡ ಪುಟ್ಟ ಸ್ವಿಚ್. ಅದು ಹೋಗುವುದು ಅಪರೂಪವಲ್ಲ. ಪರೀಕ್ಷೆಯೂ ಸುಲಭ.

ಬೋರ್ಡ್‌ನ ಕೆಳ ಅಂಚಿನಲ್ಲಿ ಕ್ಯಾಬಿನೆಟ್ ಮುಂಭಾಗದಿಂದ ಬರುವ ಸಣ್ಣ ಸಣ್ಣ ವೈರ್‌ಗಳು ಸೇರುತ್ತವೆ. ಅದರಲ್ಲಿ ಪವರ್ ಸ್ವಿಚ್ಚಿನದು, ರಿಸೆಟ್ ಸ್ವಿಚ್ಚಿನದು, ದೀಪಗಳದು ಎಂದು ಬೇರೆ ಬೇರೆ ಇರುತ್ತವೆ. ಹೆಸರು ಅದರ ಮೇಲೇ ಅಚ್ಚಾಗಿರುತ್ತದೆ. ಪವರ್ ಸ್ವಿಚ್ಚಿನ ವೈರ್ ಕಿತ್ತು, ಅದೇ ಎರಡು ಪಿನ್‌ಗೆ ರಿಸೆಟ್‌ನ ವೈರ್ ಹಾಕಿ. ಈಗ ಕಾರ್ಡ್ ಹಾಕಿ ರಿಸೆಟ್ ಬಟನ್ ಒತ್ತಿ. ಕಂಪ್ಯೂಟರ್ ಎದ್ದರೆ ಹಳೆಯ ಪವರ್ ಬಟನ್ ಕೆಟ್ಟಿದೆ. ಹಾಗೇ ಬಿಟ್ಟು ಬಳಸಿದರೂ ತೊಂದರೆಯಿಲ್ಲ.

ರಿಸೆಟ್ ಬಟನ್ ಇಲ್ಲದ ಕ್ಯಾಬಿನೆಟ್ ಆದರೆ ಸ್ಕ್ರೂಡ್ರೈವರ್ ತುದಿಯಿಂದ ಆ ಎರಡು ಪಿನ್‌ಗಳನ್ನು ಒಂದು ಕ್ಷಣ ಮುಟ್ಟಿಸಿ ತೆಗೆಯಿರಿ. ಅಲ್ಲಿ 5 ವೋಲ್ಟ್‌ಗಿಂತ ಹೆಚ್ಚು ಇರುವುದಿಲ್ಲ, ಶಾಕ್ ಹೊಡೆಯುವುದಿಲ್ಲ. ಆದರೆ ಪಿನ್ ಯಾವುದೆಂದು ಬೋರ್ಡ್‌ನ ಮ್ಯಾನುಯಲ್ ನೋಡಿಯೇ ಮಾಡಿ. ಮ್ಯಾನುಯಲ್ ಕಂಪನಿಯ ವೆಬ್‌ಸೈಟ್‌ನಲ್ಲಿ ಪುಕ್ಕಟೆ ಸಿಗುತ್ತದೆ. ಅಂದಾಜಿನಲ್ಲಿ ಪಕ್ಕದ ಪಿನ್ ಮುಟ್ಟಿಸಬೇಡಿ.

ಹಂತ 7: ಎಸ್‌ಎಂಪಿಎಸ್ ಪರೀಕ್ಷೆ

ಇಡೀ ಕೆಲಸದ ನಡುಗಂಬ ಈ ಹಂತ. ದೋಷ ಎಸ್‌ಎಂಪಿಎಸ್‌ನದ್ದೋ ಬೋರ್ಡ್‌ನದ್ದೋ ಎಂಬುದು ಇಲ್ಲಿ ಇತ್ಯರ್ಥವಾಗುತ್ತದೆ. ಇಲ್ಲಿ ಅವಸರ ಮಾಡಿದವರೇ ಸುಮ್ನೆ ಬೋರ್ಡ್ ಕೊಳ್ಳುವುದು.

ರೆಡಿಮೇಡ್ ಡೆಸ್ಕ್‌ಟಾಪ್ ಇರುವವರು ಮೊದಲು ಕನೆಕ್ಟರ್ ನೋಡಿ. 24 ಪಿನ್ ಬದಲು 6, 10 ಅಥವಾ 14 ಪಿನ್ ಇದ್ದರೆ ಅದು ಆ ಕಂಪನಿಯ ಸ್ವಂತ ವಿನ್ಯಾಸ. ಕೆಳಗಿನ ಬಣ್ಣದ ಲೆಕ್ಕ ಅದಕ್ಕೆ ಹೊಂದುವುದಿಲ್ಲ. ಡೆಲ್‌ನ ಅನೇಕ ಡೆಸ್ಕ್‌ಟಾಪ್‌ಗಳ ಹಿಂದೆ ಎಸ್‌ಎಂಪಿಎಸ್ ಪಕ್ಕ ಪುಟ್ಟ ಟೆಸ್ಟ್ ಬಟನ್ ಮತ್ತು ದೀಪ ಇರುತ್ತದೆ. ಅದನ್ನು ಒತ್ತಿದಾಗ ಹಸಿರು ದೀಪ ಉರಿಯದಿದ್ದರೆ, ಒಳಗಿನ ಕೇಬಲ್‌ಗಳನ್ನೆಲ್ಲ ಬಿಚ್ಚಿ ಮತ್ತೊಮ್ಮೆ ಒತ್ತಿ. ಆಗಲೂ ಉರಿಯದಿದ್ದರೆ ಎಸ್‌ಎಂಪಿಎಸ್ ಹೋಗಿದೆ.

ಸಾಮಾನ್ಯ 24 ಪಿನ್ ಎಸ್‌ಎಂಪಿಎಸ್‌ನ ಬಣ್ಣಗಳು ಹೀಗಿವೆ. ಕಪ್ಪು ಗ್ರೌಂಡ್. ನೇರಳೆ 5 ವೋಲ್ಟ್ ಸ್ಟ್ಯಾಂಡ್‌ಬೈ, ಅಂದರೆ ಕಂಪ್ಯೂಟರ್ ಆಫ್ ಇದ್ದಾಗಲೂ ಬರುತ್ತಿರುವ ಕರೆಂಟ್. ಹಸಿರು ಆನ್ ಮಾಡುವ ಸಂದೇಶದ ತಂತಿ. ಬೂದು ಬಣ್ಣದ್ದು "ಎಲ್ಲ ಸರಿ ಇದೆ" ಎಂದು ಬೋರ್ಡ್‌ಗೆ ಹೇಳುವ ತಂತಿ. ಹಳದಿ 12 ವೋಲ್ಟ್, ಕೆಂಪು 5, ಕಿತ್ತಳೆ 3.3. ಎಲ್ಲ ವೈರ್ ಕಪ್ಪಾಗಿರುವ ಹೊಸ ಮಾದರಿಯಾದರೆ ಅದರ ಮ್ಯಾನುಯಲ್‌ನಲ್ಲಿರುವ ಪಿನ್ ಚಿತ್ರ ಎದುರಿಗಿಟ್ಟುಕೊಳ್ಳದೆ ಕೈ ಹಾಕಬೇಡಿ.

ಮಲ್ಟಿಮೀಟರನ್ನು ಡಿಸಿ 20 ವೋಲ್ಟ್‌ಗೆ ಇಡಿ. ಕನೆಕ್ಟರ್ ಬೋರ್ಡ್‌ನಲ್ಲೇ ಕೂತಿರಲಿ. ಕಪ್ಪು ಕಡ್ಡಿಯನ್ನು ಕನೆಕ್ಟರ್‌ನ ಹಿಂಬದಿಯಿಂದ ಯಾವುದಾದರೂ ಕಪ್ಪು ವೈರ್‌ನ ತೂತಿಗೆ ಇಳಿಸಿ. ಕೆಂಪು ಕಡ್ಡಿಯಿಂದ ಒಂದೊಂದೇ ನೋಡುತ್ತಾ ಹೋಗಿ. ಕಡ್ಡಿ ಜಾರಿ ಎರಡು ಪಿನ್ ಒಟ್ಟಿಗೆ ಮುಟ್ಟದಂತೆ ನೋಡಿಕೊಳ್ಳಿ.

ಮೊದಲು ನೇರಳೆ. ಬಟನ್ ಒತ್ತದೆಯೇ 4.75ರಿಂದ 5.25 ವೋಲ್ಟ್ ತೋರಿಸಬೇಕು. ಸೊನ್ನೆ ಬಂದರೆ ಕಾರ್ಡ್ ಕಿತ್ತು, ಬೋರ್ಡ್‌ನಿಂದ ಎರಡೂ ಕನೆಕ್ಟರ್ ಬಿಚ್ಚಿ, ಮತ್ತೆ ಕಾರ್ಡ್ ಹಾಕಿ ಅಳೆಯಿರಿ. ಈಗಲೂ ಸೊನ್ನೆಯಾದರೆ ಎಸ್‌ಎಂಪಿಎಸ್ ಸತ್ತಿದೆ, ಅನುಮಾನ ಬೇಡ. ಬಿಚ್ಚಿದ ಮೇಲೆ 5 ವೋಲ್ಟ್ ಬಂದರೆ ಬೋರ್ಡ್‌ನ ಕಡೆ ಶಾರ್ಟ್ ಇರುವ ಸಾಧ್ಯತೆ ಜಾಸ್ತಿ.

ಆಮೇಲೆ ಹಸಿರು. ಬಟನ್ ಒತ್ತುವ ಮೊದಲು ಅದರಲ್ಲಿ 5 ವೋಲ್ಟ್‌ಗೆ ಹತ್ತಿರದ ಅಂಕಿ ಇರುತ್ತದೆ. ಬಟನ್ ಒತ್ತಿದ ಕೂಡಲೇ ಸೊನ್ನೆಯ ಹತ್ತಿರಕ್ಕೆ ಇಳಿಯಬೇಕು. ಬೋರ್ಡ್ ಎಸ್‌ಎಂಪಿಎಸ್‌ಗೆ "ಎದ್ದೇಳು" ಎಂದು ಹೇಳುವುದೇ ಹೀಗೆ. ನೇರಳೆ ಸರಿಯಿದ್ದು, ಹಸಿರು ಇಳಿಯದೇ ಇದ್ದರೆ ಬಟನ್ ಅಥವಾ ಬೋರ್ಡ್ ತಪ್ಪಿತಸ್ಥ. ಬಟನನ್ನು 6ರಲ್ಲೇ ನೋಡಿಯಾಗಿದೆ, ಹಾಗಾಗಿ ಬೋರ್ಡ್ ಕಡೆಗೇ ಬೆರಳು. ಹಸಿರು ಇಳಿದರೂ ಹಳದಿಯಲ್ಲಿ 12 ವೋಲ್ಟ್ ಬರದಿದ್ದರೆ ಎಸ್‌ಎಂಪಿಎಸ್ ಹೋಗಿದೆ, ಇಲ್ಲವೇ ಎಲ್ಲೋ ಶಾರ್ಟ್ ಕಂಡು ಅದು ಏಳಲು ಒಪ್ಪುತ್ತಿಲ್ಲ. ಇದನ್ನು ಮುಂದಿನ ಹಂತ ಬಿಡಿಸುತ್ತದೆ.

ಎದ್ದು ನಿಂತರೆ ಉಳಿದವನ್ನೂ ಅಳೆಯಿರಿ. ಹಳದಿ 11.4ರಿಂದ 12.6, ಕೆಂಪು 4.75ರಿಂದ 5.25, ಕಿತ್ತಳೆ 3.14ರಿಂದ 3.47ರ ಒಳಗಿರಬೇಕು. ಬೂದು ತಂತಿ 5ರ ಹತ್ತಿರ ಬಂದು ನಿಲ್ಲಬೇಕು. ಅದು ಬರದಿದ್ದರೆ ಫ್ಯಾನ್ ತಿರುಗಿದರೂ ಬೋರ್ಡ್ ಕೆಲಸ ಶುರು ಮಾಡುವುದಿಲ್ಲ.

ಹಸಿರು ಮತ್ತು ಕಪ್ಪು ಪಿನ್‌ಗೆ ಪೇಪರ್ ಕ್ಲಿಪ್ ಹಾಕಿ ಫ್ಯಾನ್ ತಿರುಗಿಸಿ ನೋಡುವ ಉಪಾಯ ಎಲ್ಲರಿಗೂ ಗೊತ್ತು. ಮಾಡುವುದಾದರೆ ಕನೆಕ್ಟರ್ ಬೋರ್ಡ್‌ನಿಂದ ಹೊರಗಿರಲಿ, ಕಾರ್ಡ್ ಕಿತ್ತಿದ್ದಾಗಲೇ ಕ್ಲಿಪ್ ಹಾಕಿ. ಆದರೆ ಅದರ ಉತ್ತರವನ್ನು ಪೂರ್ತಿ ನಂಬಬೇಡಿ. ಖಾಲಿ ಕೈಯಲ್ಲಿ ಓಡುವವರೆಲ್ಲ ಮೂಟೆ ಹೊರಲಾರರು. ಸೊರಗಿದ ಎಸ್‌ಎಂಪಿಎಸ್ ಕೂಡ ಒಂಟಿಯಾಗಿ ಫ್ಯಾನ್ ತಿರುಗಿಸುತ್ತದೆ, ಬೋರ್ಡ್‌ನ ಭಾರ ಬಿದ್ದಾಗ ಕುಸಿಯುತ್ತದೆ. ಇನ್ನು ಕೆಲವು ಒಳ್ಳೆಯ ಎಸ್‌ಎಂಪಿಎಸ್‌ಗಳ ಫ್ಯಾನ್ ಬಿಸಿಯಾಗುವವರೆಗೆ ತಿರುಗುವುದೇ ಇಲ್ಲ. ಹಾಗಾಗಿ ಫ್ಯಾನ್ ನಿಂತಿದೆ ಎಂದ ಮಾತ್ರಕ್ಕೆ ಅದು ಕೆಟ್ಟಿದೆ ಎಂದಲ್ಲ.

ಹಂತ 8: ಎಲ್ಲ ಬಿಚ್ಚಿ, ಕನಿಷ್ಠ ಭಾಗಗಳಲ್ಲಿ ಓಡಿಸಿ

ಆನ್ ಆಗಿ ಆಫ್ ಆಗುವ, ಅಥವಾ ಶಾರ್ಟ್ ಅನುಮಾನವಿರುವ ಕಂಪ್ಯೂಟರ್‌ಗೆ ಈ ಹಂತ. ಪವರ್ ಕಾರ್ಡ್ ಕಿತ್ತು ಹಾರ್ಡ್ ಡಿಸ್ಕ್, ಎಸ್‌ಎಸ್‌ಡಿ, ಗ್ರಾಫಿಕ್ಸ್ ಕಾರ್ಡ್, ಮುಂಭಾಗದ ಯುಎಸ್‌ಬಿ ಮತ್ತು ಆಡಿಯೋ ವೈರ್, ಹೆಚ್ಚುವರಿ ಫ್ಯಾನ್ ಎಲ್ಲವನ್ನೂ ಬಿಡಿಸಿ. ಬೋರ್ಡ್, ಪ್ರೊಸೆಸರ್ ಮತ್ತು ಅದರ ಫ್ಯಾನ್, ಒಂದು ರ‍್ಯಾಮ್, ಎರಡು ಪವರ್ ಕೇಬಲ್, ಪವರ್ ಬಟನ್. ಇಷ್ಟೇ ಉಳಿಯಲಿ.

ಈಗ ನಿಲ್ಲದೆ ಓಡಿದರೆ ತೆಗೆದವನ್ನು ಒಂದೊಂದಾಗಿ ಸೇರಿಸಿ. ಪ್ರತಿ ಸಲವೂ ಪವರ್ ಕಾರ್ಡ್ ಕಿತ್ತು, ಭಾಗ ಸೇರಿಸಿ, ಮತ್ತೆ ಕಾರ್ಡ್ ಹಾಕಿ. ಬೇಸರದ ಕೆಲಸ ನಿಜ, ಆದರೆ ಅಪರಾಧಿ ತಪ್ಪಿಸಿಕೊಳ್ಳಲು ದಾರಿಯೇ ಇರುವುದಿಲ್ಲ.

ಓಡದಿದ್ದರೆ ಬೋರ್ಡನ್ನು ಕ್ಯಾಬಿನೆಟ್‌ನಿಂದ ಹೊರತೆಗೆದು ರಟ್ಟಿನ ಡಬ್ಬದ ಮೇಲಿಟ್ಟು ಅದೇ ಪರೀಕ್ಷೆ ಮಾಡಿ. ಬೋರ್ಡ್ ಬಂದ ಬೆಳ್ಳಿ ಬಣ್ಣದ ಚೀಲದ ಮೇಲೆ ಇಡಬೇಡಿ, ಅದರ ಹೊರಮೈಯಲ್ಲಿ ಕರೆಂಟ್ ಹರಿಯಬಹುದು. ಹೊರಗೆ ಓಡಿ, ಒಳಗೆ ಓಡದಿದ್ದರೆ ಬೋರ್ಡ್‌ನ ಹಿಂಬದಿಗೆ ಸ್ಕ್ರೂ ಅಥವಾ ತಪ್ಪು ಜಾಗದ ಸ್ಟ್ಯಾಂಡ್‌ಆಫ್ (ಬೋರ್ಡನ್ನು ಎತ್ತರಿಸಿ ಕೂರಿಸುವ ಲೋಹದ ಗುಂಡಿ) ತಾಗುತ್ತಿದೆ. ಹೊರಗೂ ಓಡದಿದ್ದರೆ ಗೆಳೆಯರ ಎಸ್‌ಎಂಪಿಎಸ್ ಹಾಕಿ ನೋಡಿ. ಅದರಲ್ಲೂ ಇಲ್ಲವೆಂದರೆ ಉಳಿದದ್ದು ಬೋರ್ಡ್ ಮತ್ತು ಪ್ರೊಸೆಸರ್. ಇವೆರಡರಲ್ಲಿ ಹೋಗುವುದು ಬಹುತೇಕ ಬೋರ್ಡೇ.

ಎರಡು ಎಚ್ಚರಿಕೆ ಇಲ್ಲಿ ಹೇಳಲೇಬೇಕು. ಎರವಲು ಎಸ್‌ಎಂಪಿಎಸ್‌ಗೆ ಅದರದ್ದೇ ಕೇಬಲ್ ಬಳಸಿ. ಬಿಚ್ಚಿ ಹಾಕುವ ಕೇಬಲ್‌ಗಳಿರುವ ಮಾದರಿಯಲ್ಲಿ ಒಂದು ಕಂಪನಿಯ ಕೇಬಲ್ ಇನ್ನೊಂದಕ್ಕೆ ಕೂತರೂ ಒಳಗಿನ ಪಿನ್ ಕ್ರಮ ಬೇರೆ ಇರುತ್ತದೆ, ಡಿಸ್ಕ್ ಸುಟ್ಟುಹೋಗುತ್ತದೆ. ಎರಡನೆಯದಾಗಿ, ಪ್ರೊಸೆಸರ್ ಮೇಲಿನ ಕೂಲರನ್ನು ಕುತೂಹಲಕ್ಕೆ ಎಳೆಯಬೇಡಿ. ಹಳೆಯ ಪೇಸ್ಟ್ ಗಟ್ಟಿಯಾಗಿದ್ದರೆ ಎಎಂಡಿಯ ಎಎಂ4 ಬೋರ್ಡ್‌ಗಳಲ್ಲಿ ಪ್ರೊಸೆಸರ್ ಕೂಲರ್ ಜೊತೆಗೇ ಕಿತ್ತು ಬಂದು ಪಿನ್ ಬಾಗುತ್ತವೆ.

ಹಂತ 9: ಫ್ಯಾನ್ ತಿರುಗುತ್ತದೆ, ಪರದೆ ಕಪ್ಪು

ಮೊದಲು ಮಾನಿಟರ್ ಕೇಬಲ್ ಎಲ್ಲಿದೆ ನೋಡಿ. ಗ್ರಾಫಿಕ್ಸ್ ಕಾರ್ಡ್ ಇದ್ದರೆ ಕೇಬಲ್ ಅದಕ್ಕೇ ಹೋಗಬೇಕು, ಬೋರ್ಡ್‌ನ ಎಚ್‌ಡಿಎಂಐಗೆ ಅಲ್ಲ. ಗ್ರಾಫಿಕ್ಸ್ ಕಾರ್ಡ್ ತೆಗೆದು ಪರೀಕ್ಷಿಸುತ್ತಿದ್ದರೆ ಪ್ರೊಸೆಸರ್‌ನಲ್ಲಿ ಗ್ರಾಫಿಕ್ಸ್ ಇದೆಯೇ ತಿಳಿದುಕೊಳ್ಳಿ. ಹೆಸರು ಎಫ್ ಅಕ್ಷರದಲ್ಲಿ ಮುಗಿಯುವ ಇಂಟೆಲ್ ಪ್ರೊಸೆಸರ್‌ಗಳಲ್ಲಿ ಅದು ಇಲ್ಲ, ಗ್ರಾಫಿಕ್ಸ್ ಕಾರ್ಡ್ ಇಲ್ಲದೆ ಪರದೆ ಬರುವುದೇ ಇಲ್ಲ.

ಬೋರ್ಡ್ ಅಂಚಿನಲ್ಲಿ ಸಣ್ಣ ದೀಪಗಳಿದ್ದರೆ ಅದೃಷ್ಟ. ಈಚಿನ ಎಂಎಸ್‌ಐ, ಏಸಸ್ ಬೋರ್ಡ್‌ಗಳಲ್ಲಿ ಪ್ರೊಸೆಸರ್, ರ‍್ಯಾಮ್, ಗ್ರಾಫಿಕ್ಸ್, ಬೂಟ್ ಎಂದು ನಾಲ್ಕು ದೀಪ ಇರುತ್ತವೆ. ಯಾವುದು ಉರಿದು ನಿಲ್ಲುತ್ತದೋ ಅಲ್ಲಿ ಕೆಲಸ ನಿಂತಿದೆ. ಬೀಪ್ ಸದ್ದು ಬಂದರೆ ಎಷ್ಟು, ಉದ್ದವೋ ಚಿಕ್ಕದೋ ಬರೆದುಕೊಂಡು ನಿಮ್ಮ ಬೋರ್ಡ್‌ನ ಮ್ಯಾನುಯಲ್‌ನಲ್ಲಿ ನೋಡಿ. ಬೇರೆ ಬೋರ್ಡ್‌ನ ಬೀಪ್ ಪಟ್ಟಿ ಉಪಯೋಗಕ್ಕೆ ಬರುವುದಿಲ್ಲ.

ರ‍್ಯಾಮ್ ಸರದಿ ಬರುವುದು ಈಗ. ಒಂದೇ ಒಂದನ್ನು ಹಾಕಿ. ನಾಲ್ಕು ಸ್ಲಾಟ್ ಇರುವ ಹೆಚ್ಚಿನ ಬೋರ್ಡ್‌ಗಳಲ್ಲಿ ಪ್ರೊಸೆಸರ್‌ನಿಂದ ಎಣಿಸಿದರೆ ಎರಡನೆಯ ಸ್ಲಾಟ್ ಸರಿಯಾದ ಜಾಗ. ಟಕ್ ಎನ್ನುವವರೆಗೆ ಒತ್ತಿ. ಆಗದಿದ್ದರೆ ಇನ್ನೊಂದು ರ‍್ಯಾಮ್, ಆಮೇಲೆ ಇನ್ನೊಂದು ಸ್ಲಾಟ್. ಚಿನ್ನದ ಬಣ್ಣದ ಅಂಚನ್ನು ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಬಟ್ಟೆಯಿಂದ ಒರೆಸಿ. ರಬ್ಬರ್‌ನಿಂದ ಉಜ್ಜುವುದಾದರೆ ಮೆತ್ತಗೆ ಉಜ್ಜಿ, ಪುಡಿ ಸ್ಲಾಟ್‌ಗೆ ಬೀಳದಂತೆ ದೂರದಲ್ಲಿ ಉಜ್ಜಿ.

ಕೊನೆಗೆ ಸಿಮೋಸ್. ಪವರ್ ಕಾರ್ಡ್ ಕಿತ್ತು, ನಾಣ್ಯದಂಥ ಸಿಆರ್2032 ಬ್ಯಾಟರಿ ತೆಗೆದು ಐದು ನಿಮಿಷ ಬಿಟ್ಟು ಹಾಕಿ, ಬೋರ್ಡ್‌ನ ಸೆಟ್ಟಿಂಗ್ ಅಳಿಸುವುದು ಹೀಗೆ. ಹೊಸದರಲ್ಲಿ 3 ವೋಲ್ಟ್ ಇರುತ್ತದೆ. ಇದನ್ನು ಮಾಡುವ ಮೊದಲು ಒಂದು ಮಾತು: ವಿಂಡೋಸ್ 11ರಲ್ಲಿ ಡಿಸ್ಕ್ ಎನ್‌ಕ್ರಿಪ್ಷನ್ (ಫೈಲ್‌ಗಳಿಗೆ ಹಾಕಿದ ಬೀಗ) ಆನ್ ಆಗಿದ್ದರೆ, ಸೆಟ್ಟಿಂಗ್ ಅಳಿಸಿದ ಮೇಲೆ ಅದು ಬೀಗ ತೆಗೆಯಲು ಬಿಟ್‌ಲಾಕರ್ ರಿಕವರಿ ಕೀ ಕೇಳಬಹುದು. ನಿಮ್ಮ ಮೈಕ್ರೋಸಾಫ್ಟ್ ಅಕೌಂಟ್‌ಗೆ ಮೊಬೈಲ್‌ನಿಂದ ಲಾಗಿನ್ ಆಗಿ ಆ ಕೀ ಮೊದಲೇ ಬರೆದಿಟ್ಟುಕೊಳ್ಳಿ. ಡಿಡಿಆರ್5 ರ‍್ಯಾಮ್ ಇರುವ ಹೊಸ ಬೋರ್ಡ್‌ಗಳು ಸೆಟ್ಟಿಂಗ್ ಅಳಿಸಿದ ಮೇಲೆ ಮೊದಲ ಸಲ ಕೆಲವು ನಿಮಿಷ ಕಪ್ಪು ಪರದೆಯಲ್ಲೇ ಇರುತ್ತವೆ. ಕಾಯಿರಿ, ನಡುವೆ ಆಫ್ ಮಾಡಬೇಡಿ.

ಗಮನಿಸಿ, ಸಿಮೋಸ್ ಬ್ಯಾಟರಿ ಮುಗಿದಿದ್ದರೆ ಸಾಮಾನ್ಯವಾಗಿ ಗಡಿಯಾರ ತಪ್ಪುತ್ತದೆ, ಅಷ್ಟೇ. ಪೂರ್ತಿ ಸತ್ತ ಕಂಪ್ಯೂಟರ್‌ಗೆ ಅದೇ ಕಾರಣ ಆಗಿರುವುದು ಕಡಿಮೆ. ಮೊದಲೇ ಅದರ ಬೆನ್ನು ಹತ್ತಬೇಡಿ ಎನ್ನುವುದು ಇದಕ್ಕೇ.

ಹಂತ 10: ಅಂಗಡಿಗೆ ಒಯ್ಯುವಾಗ

ವಾರಂಟಿ ಬಿಲ್ ಹುಡುಕಿ. ಬೋರ್ಡ್‌ಗಳಿಗೆ ಸಾಮಾನ್ಯವಾಗಿ 3 ವರ್ಷ ವಾರಂಟಿ ಇರುತ್ತದೆ, ಒಳ್ಳೆಯ ಎಸ್‌ಎಂಪಿಎಸ್‌ಗಳಿಗೆ ಇನ್ನೂ ಜಾಸ್ತಿ. ಇಡೀ ಕಂಪ್ಯೂಟರ್ ಅಂಗಡಿಯದ್ದೇ ಆದರೂ ಒಳಗಿನ ಒಂದೊಂದು ಭಾಗಕ್ಕೂ ಅದರ ಕಂಪನಿಯ ಸರ್ವಿಸ್ ಸೆಂಟರ್ ಬೇರೆ.

ಎಸ್‌ಎಸ್‌ಡಿ ಮತ್ತು ಹಾರ್ಡ್ ಡಿಸ್ಕ್ ಮನೆಯಲ್ಲೇ ಬಿಚ್ಚಿಟ್ಟು ಹೋಗಿ. ಆನ್ ಆಗದ ದೋಷ ಹುಡುಕಲು ಅವು ಬೇಕಾಗಿಲ್ಲ. ಪವರ್ ದೋಷವಿದ್ದರೂ ಹೆಚ್ಚಿನ ಸಲ ಒಳಗಿನ ಫೋಟೋ, ಫೈಲ್ ಎಲ್ಲ ಹಾಗೇ ಇರುತ್ತವೆ, ಅವು ಹೋಗುವುದು ಯಾರೋ ಅವಸರದಲ್ಲಿ ಫಾರ್ಮ್ಯಾಟ್ ಮಾಡಿದಾಗ. ಉಳಿದ ಭಾಗಗಳ ಸೀರಿಯಲ್ ನಂಬರ್ ಫೋಟೋ ತೆಗೆದುಕೊಳ್ಳಿ.

ಅಂಗಡಿಯವರಿಗೆ "ಆನ್ ಆಗ್ತಿಲ್ಲ" ಎಂದಷ್ಟೇ ಹೇಳಬೇಡಿ. ನೀವು ಬರೆದ ಹಾಳೆ ತೋರಿಸಿ: ಗೋಡೆಗೆ ನೇರ ಹಾಕಿ ನೋಡಿದ್ದೇನೆ, ನೇರಳೆಯಲ್ಲಿ 5 ವೋಲ್ಟ್ ಬರುತ್ತಿದೆ, ಹಸಿರು ಇಳಿಯುತ್ತಿಲ್ಲ. ಇಷ್ಟು ಹೇಳಿದವರಿಗೆ ಬೇಡದ ಭಾಗ ಮಾರುವುದು ಕಷ್ಟ. ಬದಲಿಸಿದ ಹಳೆಯ ಭಾಗ ವಾಪಸ್ ಕೇಳಿ ಪಡೆಯಿರಿ.

ಎಸ್‌ಎಂಪಿಎಸ್ ಹೊಸದು ಕೊಳ್ಳುವಾಗ ಬೆಂಗಳೂರಿನ ಎಸ್‌ಪಿ ರೋಡ್ ಆಗಲಿ, ನಿಮ್ಮೂರಿನ ಅಂಗಡಿಯಾಗಲಿ, ಹೆಸರೇ ಕೇಳದ, ಕೈಗೆ ಹಗುರವಾದ "450 ವ್ಯಾಟ್" ಡಬ್ಬ ಬೇಡ. 80 ಪ್ಲಸ್ ಗುರುತು (ಕರೆಂಟ್ ಕಡಿಮೆ ಪೋಲು ಮಾಡುತ್ತದೆಂಬ ಪ್ರಮಾಣ), ಬಿಲ್, ಕಂಪನಿ ವಾರಂಟಿ ಮೂರೂ ಇರುವುದನ್ನೇ ತನ್ನಿ. ಮನೆಗೆ ತಂದ ಮೇಲೆ 8ನೇ ಹಂತದ ಕನಿಷ್ಠ ಭಾಗಗಳಲ್ಲಿ ಮೊದಲು ಓಡಿಸಿ, 7ನೇ ಹಂತದ ವೋಲ್ಟೇಜ್‌ಗಳನ್ನು ಅಳೆದು ಅದೇ ಹಾಳೆಯಲ್ಲಿ ಬರೆದು, ಆಮೇಲೆ ಡಿಸ್ಕ್‌ಗಳನ್ನು ಸೇರಿಸಿ.